ನಿಮಗಿದು ಗೊತ್ತೆ? ಕೂಡಿ ಕಳೆದರೆ ಸಿಗುತ್ತದೆ ವಿಷದ ಸುಳಿವು!

2008ರ ಮೇ ತಿಂಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮಗ್ಗುಲಿನ ಆನೇಕಲ್ ಸೇರಿದಂತೆ ಕರ್ನಾಟಕ–ತಮಿಳುನಾಡು ಗಡಿಭಾಗದಲ್ಲಿ ಕಳ್ಳಬಟ್ಟಿ ಕುಡಿದು 150ಕ್ಕೂ ಹೆಚ್ಚು ಮಂದಿ ಸತ್ತರು. ಜೀವ ತೆಗೆದದ್ದು ಮೆಥನಾಲ್. ಕಾರ್ಖಾನೆಗಳು ದ್ರಾವಕವಾಗಿ ಬಳಸುವ ರಾಸಾಯನಿಕ.

● ಮೆಥನಾಲ್ ಯಕೃತ್ತಿನಲ್ಲಿ ಫಾರ್ಮಿಕ್ ಆಮ್ಲವಾಗುತ್ತದೆ. ಚಿಗಳಿ ಇರುವೆ ಚಿಮ್ಮಿಸುವುದೂ ಇದನ್ನೇ. ಕಣ್ಣಿನ ನರಕ್ಕೆ ಇದು ಮಾರಕ.

● ಈ ಆಮ್ಲದ ಗುಟ್ಟು ರಟ್ಟಾಗುವುದು ರಕ್ತದ ಎಲೆಕ್ಟ್ರೊಲೈಟ್ ಪರೀಕ್ಷೆಯಲ್ಲಿ. ಸೋಡಿಯಂನಿಂದ ಕ್ಲೋರೈಡ್, ಬೈಕಾರ್ಬನೇಟ್ ಎರಡನ್ನೂ ಕಳೆದರೆ ಉಳಿಯುವುದೇ ‘ಆನಯಾನ್ ಗ್ಯಾಪ್’.

● ಆರೋಗ್ಯವಂತರಲ್ಲಿ: 140 − (104 + 24) = 12. ಆಮ್ಲ ಸೇರಿ ಬೈಕಾರ್ಬನೇಟ್ 8ಕ್ಕೆ ಕುಸಿದರೆ: 140 − (104 + 8) = 28!

● ಭೇದಿಯಲ್ಲೂ ಬೈಕಾರ್ಬನೇಟ್ ಸೋರಿಹೋಗುತ್ತದೆ. ಆದರೆ ಕ್ಲೋರೈಡ್ ಏರಿ ಜಾಗ ತುಂಬುವುದರಿಂದ ಗ್ಯಾಪ್ ಹಿಗ್ಗುವುದಿಲ್ಲ.

● ಹತೋಟಿ ತಪ್ಪಿದ ಮಧುಮೇಹ, ಮೂತ್ರಪಿಂಡ ವೈಫಲ್ಯದಲ್ಲೂ ಗ್ಯಾಪ್ ಹೆಚ್ಚುತ್ತದೆ. ಹಾಗಾಗಿ ಇದು ಸುಳಿವು ಮಾತ್ರ, ತೀರ್ಪಲ್ಲ.

● ಮೆಥನಾಲ್ ಆಮ್ಲವಾಗಲು ಹಲವು ಗಂಟೆ ಬೇಕು. ಮೊದಲ ವರದಿ ಸರಿಯಿದ್ದರೂ ಮೈಮರೆಯುವಂತಿಲ್ಲ.