ಹೋದಾಗ ಬಳ್ಳಾರಿ ಜಿಲ್ಲೆ, ಹುಡುಕಿದಾಗ ಅನಂತಪುರ

ಮಳೆ ಕೈಕೊಟ್ಟ ವರ್ಷ ನಮ್ಮ ರಾಯದುರ್ಗ ಸೀಮೆಯ ಹುಡುಗರು ಸುಗ್ಗಿ ಹುಡುಕಿಕೊಂಡು ಹೋಗುವುದು ಹಳೇ ರೂಢಿ. ಎರಡನೇ ಮಹಾಯುದ್ಧದ ಕಾಲಕ್ಕೆ ಕೆಲವರು ಪಟಾಲಮ್ಮಿಗೂ ಹೋದರು. ನಮ್ಮ ತಾತನ ತಮ್ಮ ಅವರಲ್ಲೊಬ್ಬ. ನಮಗೆಲ್ಲ ಅವನು ಸಣ್ಣತಾತ. 1940ರಲ್ಲಿ ಬೆಂಗಳೂರಿಗೆ ಹೋಗಿ ಮದ್ರಾಸ್ ಸ್ಯಾಪರ್ಸ್ ಸೇರಿದ. ರಸ್ತೆ, ಸೇತುವೆ ಕಟ್ಟುವ ಪಡೆ ಅದು. ಮರು ವರ್ಷ ಮಲಯಾಕ್ಕೆ ಹಡಗು ಹತ್ತಿದ. ಆಮೇಲೆ ಮನೆಗೆ ಬಂದದ್ದು ಒಂದೇ ಸರ್ಕಾರಿ ಕಾಗದ. ಆಸಾಮಿ ಕಾಣೆಯಾಗಿದ್ದಾನೆ ಎಂದಿತ್ತು.

ಸಣ್ಣಜ್ಜಿ ಆ ಕಾಗದವನ್ನು ನಂಬಲಿಲ್ಲ. 'ಸತ್ತದ್ದು ಯಾರು ಕಂಡಾರೆ?' ಎನ್ನುವಳು. 1986ರಲ್ಲಿ ಸಾಯುವವರೆಗೂ ಹಣೆಯ ಕುಂಕುಮ ಅಳಿಸಲಿಲ್ಲ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆಲ್ಲ ಎಡೆ ಇಟ್ಟರೂ ಗಂಡನ ಹೆಸರಲ್ಲಿ ಇಡಗೊಡಲಿಲ್ಲ. ಊರಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಮಾತು. ಸುಭಾಷರ ದಂಡಿನಲ್ಲಿ ಸತ್ತ ಅಂತ ಕೆಲವರು, ಮಲಯಾದಲ್ಲೇ ಇನ್ನೊಂದು ಮನೆ ಮಾಡಿದ ಅಂತ ಕೆಲವರು.

ಚರಿತ್ರೆಯಲ್ಲಿ ಇರುವುದು ಇಷ್ಟು. 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನಿಗೆ ಶರಣಾಯಿತು. ಎರಡು ದಿನ ಕಳೆದು ಫ್ಯಾರರ್ ಪಾರ್ಕ್ ಮೈದಾನದಲ್ಲಿ ಸುಮಾರು 40 ಸಾವಿರ ಭಾರತೀಯ ಸಿಪಾಯಿಗಳನ್ನು ಸೇರಿಸಿ ಜಪಾನಿಯರಿಗೆ ಒಪ್ಪಿಸಿದರು. ಸಾವಿರಾರು ಮಂದಿ ಆಜಾದ್ ಹಿಂದ್ ಫೌಜು ಸೇರಿದರು. ಸೇರದೆ ಉಳಿದವರಲ್ಲಿ ಸಾವಿರಾರು ಜನರನ್ನು ನ್ಯೂಗಿನಿ, ನ್ಯೂಬ್ರಿಟನ್ ದ್ವೀಪಗಳಿಗೆ ಕೂಲಿಗೆ ಸಾಗಿಸಿದರು. ನ್ಯೂಬ್ರಿಟನ್ನಿನ ರಬೌಲ್ ಜಪಾನಿಯರ ದೊಡ್ಡ ಠಾಣೆ. ಅಲ್ಲಿ ಕೈದಿಗಳಿಗೆ ಹಡಗಿನ ಸಾಮಾನು ಇಳಿಸುವುದು, ಗುಡ್ಡ ಕೊರೆಯುವುದು ಇಂಥ ಕೆಲಸ. ಹಡಗು ಬರುವುದು ನಿಂತ ಮೇಲೆ ಗೆಣಸು ಬೆಳೆದು ಹೊಟ್ಟೆ ಹೊರೆಯಬೇಕಾಯಿತು. ಹಸಿವು, ಮಲೇರಿಯಾ, ಬೆರಿಬೆರಿ ರೋಗ, ಮೇಲಿಂದ ಬೀಳುವ ಬಾಂಬು ಎಷ್ಟೋ ಜನರನ್ನು ತಿಂದವು. 1945ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಸೇನೆ ಆ ದ್ವೀಪದಲ್ಲಿ ಬಿಡಿಸಿದ ಭಾರತೀಯರೇ 5,500ಕ್ಕೂ ಹೆಚ್ಚು.

ಸಣ್ಣತಾತ ಅವರಲ್ಲಿರಲಿಲ್ಲ. ಅವನ ಹೆಸರು ಸಿಕ್ಕಿದ್ದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ. ಈ ಆಯೋಗ 1917ರಿಂದ ಸತ್ತ ಸಿಪಾಯಿಗಳ ಲೆಕ್ಕ ಇಟ್ಟಿದೆ. ಪಟ್ಟಿ ಅಂತರ್ಜಾಲದಲ್ಲಿದೆ, ಹುಡುಕಲು ಕಾಸು ಕೊಡಬೇಕಿಲ್ಲ. ನನ್ನ ಮಗಳು ಮೊಬೈಲಿನಲ್ಲಿ ಅನಂತಪುರ ಅಂತ ಹಾಕಿ ನೋಡಿದಳು, ಬರಲಿಲ್ಲ. ಬರುವುದಾದರೂ ಹೇಗೆ? ಅವನು ಮನೆ ಬಿಟ್ಟಾಗ ರಾಯದುರ್ಗ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಹೋಯಿತು. ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಉಳಿದವು. ನಾವು ಅನಂತಪುರದವರಾದೆವು. ಅಷ್ಟರಲ್ಲಿ ಸತ್ತವನಿಗೆ ಈ ಗಡಿಯ ಸುದ್ದಿ ಮುಟ್ಟಿಸುವವರು ಯಾರು? ಕಾಗದದಲ್ಲಿ ಅವನು ಇವತ್ತಿಗೂ ಬಳ್ಳಾರಿ ಜಿಲ್ಲೆಯವನೇ.

ಹೆಸರಿನದು ಇನ್ನೊಂದು ತೊಡಕು. ನಮ್ಮ ಕಡೆಯ ಎರ್ರಿಸ್ವಾಮಿಯನ್ನು ಇಂಗ್ಲಿಷಿನಲ್ಲಿ ಒಬ್ಬ 'ವೈ' ಅಕ್ಷರದಿಂದ ಬರೆದರೆ ಇನ್ನೊಬ್ಬ 'ಇ'ಯಿಂದ ಬರೆಯುತ್ತಾನೆ. ಹನುಮಪ್ಪ ಬಾಯಲ್ಲಿ ಅನುಮಪ್ಪ ಆಗುತ್ತಾನೆ. ತೆಲುಗು ಗುಮಾಸ್ತ ಇಂಟಿಪೇರು ಮುಂದಿಡುತ್ತಾನೆ, ಕನ್ನಡದವನು ಅಪ್ಪನ ಹೆಸರು ಸೇರಿಸುತ್ತಾನೆ. ಕೊನೆಗೆ ಕೈಹಿಡಿದದ್ದು ಹಳೇ ಕಾಗದದ ಮೇಲಿದ್ದ ಸೈನ್ಯದ ನಂಬರು. ಅದನ್ನು ಹಾಕಿದ ಕೂಡಲೇ ಎಲ್ಲ ಬಂತು: ಊರು, ಅಪ್ಪನ ಹೆಸರು, ಹೆಂಡತಿಯ ಹೆಸರು, ಸತ್ತ ತಾರೀಕು 1944ರದು. ಸ್ಮಾರಕ ಇರುವುದು ರಬೌಲ್ ಹತ್ತಿರದ ಬೀಟಾ ಪಾಕಾ ಯುದ್ಧ ಸ್ಮಶಾನದಲ್ಲಿ, ಇವತ್ತಿನ ಪಾಪುವಾ ನ್ಯೂಗಿನಿ ದೇಶದಲ್ಲಿ.

ಸುಭಾಷರ ದಂಡಿನಲ್ಲಿ ಸತ್ತ ಅಂದುಕೊಂಡಿದ್ದರೆ ಹೆಮ್ಮೆಗೆ ಒಂದು ಕತೆ ಇರುತ್ತಿತ್ತು, ಎಂದರು ನಮ್ಮ ದಾಯಾದಿಗಳೊಬ್ಬರು. ಪರದೇಶದಲ್ಲಿ ಹಸಿದು ಸತ್ತವನು ಮನೆಯವನಲ್ಲವೇ? ಹೋದ ಮಹಾಲಯಕ್ಕೆ ಸಣ್ಣಜ್ಜಿಯ ಎಡೆಯ ಪಕ್ಕದಲ್ಲಿ ಅವನಿಗೂ ಮೊದಲ ಸಲ ಎಡೆ ಇಟ್ಟೆವು. ಮುದ್ದೆ, ಕಾಳಿನ ಸಾರು, ಹೋಳಿಗೆ. ಗೆಣಸು ಮಾತ್ರ ಬೇಡ ಅಂದಳು ಮಗಳು.

ಗಡಿಯ ಎರಡೂ ಕಡೆಯ ಓದುಗರಿಗೆ ಒಂದು ಮಾತು. ನಿಮ್ಮ ಮನೆಯಲ್ಲಿ ಇಂಥ ಕಾಣೆಯಾದವರಿದ್ದರೆ ಮೊದಲು ಟ್ರಂಕಿನ ತಳ ನೋಡಿರಿ. ಕಾಗದದ ಮೇಲಿನ ನಂಬರು ಹೆಸರಿಗಿಂತ ಗಟ್ಟಿ. ಆದವಾನಿ, ಆಲೂರು, ರಾಯದುರ್ಗದವರು ಬಳ್ಳಾರಿ ಜಿಲ್ಲೆ ಎಂದು ಹುಡುಕಿರಿ. ಮಡಕಶಿರಾದವರು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದ್ದರೂ ಹಳೇ ಅನಂತಪುರ ಎಂದೇ ನೋಡಬೇಕು. ಬದುಕಿ ಮರಳಿದವರ ಹೆಸರು ಸಮಾಧಿ ಪಟ್ಟಿಯಲ್ಲಿ ಇರುವುದಿಲ್ಲ. ಅವರಿಗಾಗಿ ಆಯಾ ಪಡೆಯ ದಾಖಲೆ ಕಚೇರಿಗೆ ನಂಬರು ಸಹಿತ ಬರೆಯಿರಿ. ಉತ್ತರ ಆಫ್ರಿಕಾದಲ್ಲಿ ಜರ್ಮನ್ನರ, ಇಟಲಿಯವರ ಕೈಗೆ ಸಿಕ್ಕವರಾದರೆ ಜಿನೀವಾದ ರೆಡ್‌ಕ್ರಾಸ್ ದಾಖಲಾತಿಯೂ ಒಂದು ದಾರಿ. ಅವರನ್ನು ಕಂಡಿದ್ದ ಮುದುಕರು ಊರಲ್ಲಿ ಒಬ್ಬಿಬ್ಬರಾದರೂ ಇದ್ದರೆ ಇವತ್ತೇ ಹೋಗಿ ಕೇಳಿ ಬರೆದುಕೊಳ್ಳಿರಿ, ಯಾವ ಭಾಷೆಯಲ್ಲಾದರೂ ಸರಿ.