ತಿಪ್ಪೆಯ ಲೆಕ್ಕ

ಒಕ್ಕಲಿಗನಿಗೆ ಹೆಂಡಿಗೊಬ್ಬರವು ಪುಕ್ಕಟೆಯಾಗಿ ದೊರೆಯುವ ವಸ್ತುವೆಂದು ಪಟ್ಟಣಿಗರಾದ ನಾವು ಭಾವಿಸಿರುವೆವು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಯಾವುದಾದರೊಂದು ಹಳ್ಳಿಯ ತಿಪ್ಪೆಯ ಮುಂದೆ ನಿಂತು ಲೆಕ್ಕ ಹಾಕಿದವರಿಗೆ ಈ ಭಾವನೆಯು ಎಷ್ಟು ಪೊಳ್ಳೆಂಬುದು ಮನವರಿಕೆಯಾಗದೆ ಇರದು.

ನಿತ್ಯವೂ ಹೆಂಡಿ ಬಳಿಯಬೇಕು, ತಿಪ್ಪೆಗೆ ಹೊರಬೇಕು, ತಿಂಗಳುಗಟ್ಟಲೆ ಕಳಿಯಗೊಡಬೇಕು. ಬಳಿಕ ಹೇರಿ, ಸಾಗಿಸಿ, ಹೊಲದಲ್ಲಿ ಹರವಬೇಕು. ಈ ಪ್ರತಿಯೊಂದು ಕೆಲಸಕ್ಕೂ ಆಳು ಬೇಕು, ಆಳಿಗೆ ಕೂಲಿ ಬೇಕು. ಎಕರೆ ಕಬ್ಬಿಗೆ ಸುಮಾರು 10 ಟನ್ ಗೊಬ್ಬರ ಹಾಕಿರೆಂದು ಕೃಷಿ ಪಂಡಿತರು ಹೇಳುತ್ತಾರೆ. ಅದನ್ನು ಹೊಲಕ್ಕೆ ಮುಟ್ಟಿಸುವ ಬಾಡಿಗೆಯನ್ನು ಯಾರು ಕೊಡಬೇಕೆಂಬುದನ್ನು ಹೇಳುವವರಿಲ್ಲ.

ಯೂರಿಯಾದ ಮಾತೇ ಬೇರೆ. 45 ಕಿಲೋ ತೂಕದ ಒಂದು ಚೀಲದಲ್ಲಿ 20 ಕಿಲೋಕ್ಕಿಂತ ತುಸು ಹೆಚ್ಚು ಸಾರಜನಕವಿರುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಅದು ನೂರಕ್ಕೆ ಅರ್ಧ ಪಾಲು ಮಾತ್ರ. ಎಂದರೆ ಒಂದು ಚೀಲಕ್ಕೆ ಸರಿಗಟ್ಟಲು 4 ಟನ್ ಬೇಕು. 2018ರಲ್ಲಿ ಆ ಚೀಲಕ್ಕೆ ತೆರಿಗೆ, ಬೇವಿನ ಲೇಪದ ವೆಚ್ಚಗಳ ಹೊರತಾಗಿ 242 ರೂಪಾಯಿ ದರ ಗೊತ್ತಾಯಿತು. ಉಳಿದ ಭಾರವನ್ನು ಸರಕಾರದ ಬೊಕ್ಕಸವು ಹೊರುತ್ತದೆ. ತಿಪ್ಪೆಯ ಭಾರವನ್ನಾದರೋ ಒಕ್ಕಲಿಗನೊಬ್ಬನೇ ಹೊರಬೇಕು. ಹೀಗಿರಲು ಅವನು ಚೀಲಕ್ಕೆ ಮರುಳಾದನೆಂದು ದೂರುವುದು ನ್ಯಾಯವೇ?

ಆದರೆ ಚೀಲವು ಸಾರಜನಕವನ್ನು ಕೊಟ್ಟೀತೇ ಹೊರತು ಮಣ್ಣಿಗೆ ಜೀವವನ್ನು ಕೊಡಲಾರದು. ಅತಿಯಾದ ನೀರಿನಿಂದ ಜವುಗು ಹಿಡಿದು ಸವುಳಾದ ಕೃಷ್ಣಾತೀರದ ಕಬ್ಬಿನ ಭೂಮಿಗಳು ಇದಕ್ಕೆ ಸಾಕ್ಷಿ. ಇತ್ತ ತೆರೆದ ತಿಪ್ಪೆಯ ಸಾರವು ಮಳೆಗೆ ಕೊಚ್ಚಿಹೋಗುತ್ತದೆ. ಗಂಜಳವು ನೆಲದಲ್ಲಿ ಇಂಗಿ ವ್ಯರ್ಥವಾಗುತ್ತದೆ. ಗಂಜಳ ಹೀರಿದ ಮಣ್ಣನ್ನೂ ಗೊಬ್ಬರಕ್ಕೆ ಬೆರೆಸುವ ಪದ್ಧತಿಯನ್ನು ಸರ್ ಆಲ್ಬರ್ಟ್ ಹೊವರ್ಡರು 1931ಕ್ಕೆ ಮೊದಲೇ ಇಂದೂರಿನಲ್ಲಿ ತೋರಿಸಿಕೊಟ್ಟಿದ್ದರು. ಜ್ಞಾನದ ಕೊರತೆಯಿಲ್ಲ, ಕೊರತೆಯಿರುವುದು ಕೂಲಿಯ ಹಣಕ್ಕೆ.

2023ರಲ್ಲಿ ಕೇಂದ್ರ ಸರಕಾರವು ಗೋಬರ್ಧನ ಯೋಜನೆಯ ಸ್ಥಾವರಗಳ ಸೇಂದ್ರಿಯ ಗೊಬ್ಬರಕ್ಕೆ ಟನ್ನಿಗೆ 1500 ರೂಪಾಯಿ ಸಹಾಯಧನವನ್ನು ಮಂಜೂರು ಮಾಡಿತು. ಸ್ಥಾವರದ ಗೊಬ್ಬರಕ್ಕೆ ಸಲ್ಲುವ ಮರ್ಯಾದೆಯು ಎರಡು ಎಮ್ಮೆ ಕಟ್ಟಿದವನ ತಿಪ್ಪೆಗೇಕೆ ಸಲ್ಲಬಾರದು? ಹಳ್ಳಿಯ ಹಾಲಿನ ಸಂಘಗಳು ನಿತ್ಯವೂ ಹಾಲನ್ನು ಅಳೆದು ಹಣ ಕೊಡುತ್ತವೆ. ಅವುಗಳ ಮುಖಾಂತರವೇ ಕೊಟ್ಟಿಗೆಯ ಗಚ್ಚಿಗೂ ಗೊಬ್ಬರದ ಸಾಗಾಣಿಕೆಗೂ ನೆರವು ಕೊಡುವುದು ಅಸಾಧ್ಯವಾದ ಕೆಲಸವಲ್ಲ. ಅಧಿಕಾರಿ ಮಹನೀಯರು ಈ ಐದು ತಾಲೂಕುಗಳಲ್ಲಿಯೇ ಪ್ರಯೋಗಕ್ಕೆ ಕೈಹಾಕಲಿ. ತಿಪ್ಪೆಯ ಲೆಕ್ಕವು ಒಮ್ಮೆಯಾದರೂ ಸರಕಾರದ ಪುಸ್ತಕದಲ್ಲಿ ಏರಲಿ.