ಸಿಮಿಲಾರಿಟಿ ಶೇ 10ರೊಳಗೆ ಬಂದರೆ ಪ್ರಬಂಧ ಸಲ್ಲಿಕೆಗೆ ಸಿದ್ಧವೇ?

ಡಿಸರ್ಟೇಶನ್ ಸಲ್ಲಿಸುವ ಕೊನೆಯ ದಿನ ಹತ್ತಿರವಾಗುತ್ತಿದ್ದಂತೆ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ‘ಶೇ 10ರೊಳಗೆ ಬಂದರೆ ಯಾರೂ ಏನೂ ಕೇಳಲ್ಲ’, ‘ಈ ಲಿಂಕ್‌ನಲ್ಲಿ ಹಾಕಿದರೆ ಶೇ 40 ಇದ್ದದ್ದು ಶೇ 5ಕ್ಕೆ ಇಳಿಯುತ್ತೆ’, ‘ಎಐ ಚೆಕ್‌ಗೂ ಸಿಗಲ್ಲ, ಗ್ಯಾರಂಟಿ’. ಇವುಗಳಲ್ಲಿ ಮೊದಲನೆಯದು ಅರ್ಧ ನಿಜ. ಎರಡನೆಯದು ನಿಜವಾಗಿಬಿಡಬಹುದು, ಅಪಾಯ ಇರುವುದೇ ಅಲ್ಲಿ. ಮೂರನೆಯ ಗ್ಯಾರಂಟಿಯನ್ನು ಯಾರೂ ಕೊಡಲಾರರು.

ಶೇ 10 ಎಂಬ ಸಂಖ್ಯೆ ಎಲ್ಲಿಂದ ಬಂತು?

ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2018ರಲ್ಲಿ ಕೃತಿಚೌರ್ಯ ತಡೆಗೆ ನಿಯಮಾವಳಿ ಹೊರಡಿಸಿತು. ಅದರ ಪ್ರಕಾರ ಶೇ 10ರವರೆಗಿನ ಸಾಮ್ಯತೆಗೆ ದಂಡವಿಲ್ಲ. ಶೇ 10ರಿಂದ 40ರವರೆಗೆ ಇದ್ದರೆ ತಿದ್ದಿದ ಪ್ರತಿಯನ್ನು ಗರಿಷ್ಠ 6 ತಿಂಗಳೊಳಗೆ ಕೊಡಬೇಕು. ಶೇ 40ರಿಂದ 60 ಇದ್ದರೆ ಒಂದು ವರ್ಷ ತಿದ್ದಿದ ಪ್ರತಿ ಕೊಡುವಂತಿಲ್ಲ. ಶೇ 60 ಮೀರಿದರೆ ನೋಂದಣಿಯೇ ರದ್ದು.

ಫಾರ್ವರ್ಡ್‌ಗಳು ಇಲ್ಲಿಗೆ ನಿಲ್ಲುತ್ತವೆ. ಆದರೆ ಬೇರೆಯವರ ಕೆಲಸವನ್ನು ಅಥವಾ ವಿಚಾರವನ್ನು ತನ್ನದೆಂದು ತೋರಿಸುವುದೇ ಕೃತಿಚೌರ್ಯ ಎನ್ನುತ್ತದೆ ಅದೇ ನಿಯಮಾವಳಿ. ಆ ವ್ಯಾಖ್ಯೆಯಲ್ಲಿ ಶೇಕಡಾವಾರು ಇಲ್ಲ. ಪ್ರಬಂಧ ತನ್ನ ಸ್ವಂತದ್ದು ಎಂದು ವಿದ್ಯಾರ್ಥಿ ಮುಚ್ಚಳಿಕೆ ಬರೆದುಕೊಡಬೇಕು, ಮಾರ್ಗದರ್ಶಕರೂ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಪದವಿ ಸಿಕ್ಕ ಮೇಲೆ ಚೌರ್ಯ ಸಾಬೀತಾದರೂ ಆ ಪದವಿಯನ್ನು ಅಮಾನತಿನಲ್ಲಿಡಲು ಅವಕಾಶವಿದೆ. ಹಾಗಾಗಿ ‘ಪಾಸಾದ ಮೇಲೆ ಯಾರು ನೋಡ್ತಾರೆ’ ಎಂಬ ಮಾತೂ ಸುಳ್ಳೇ.

ಸಾಫ್ಟ್‌ವೇರ್ ಎಣಿಸುವುದೇನು?

ಟರ್ನಿಟಿನ್, ಡ್ರಿಲ್‌ಬಿಟ್‌ನಂಥ ಸಾಫ್ಟ್‌ವೇರ್‌ಗಳು ನಿಮ್ಮ ಬರಹದ ಪದಗಳ ಸಾಲನ್ನು ತಮ್ಮ ಸಂಗ್ರಹದಲ್ಲಿರುವ ಬರಹಗಳ ಜೊತೆ ಹೋಲಿಸಿ, ಎಷ್ಟು ಭಾಗ ಹೊಂದುತ್ತದೆ ಎಂದು ಹೇಳುತ್ತವೆ. ಕದ್ದದ್ದೋ, ಉದ್ಧರಣ ಚಿಹ್ನೆ ಹಾಕಿ ಬಳಸಿದ್ದೋ ಎಂದು ತೀರ್ಮಾನಿಸುವುದು ಮನುಷ್ಯರ ಕೆಲಸ. ತಾವು ಗುರುತಿಸುವುದು ಹೊಂದಾಣಿಕೆಯನ್ನು ಮಾತ್ರ ಎಂದು ಟರ್ನಿಟಿನ್ ಕಂಪನಿಯೇ ಹೇಳುತ್ತದೆ. ಆಕರಪಟ್ಟಿ, ಪರಿವಿಡಿ, ಕೃತಜ್ಞತೆಯ ಪುಟ, ಕಾನೂನಿನ ಹೆಸರು, ಸಿದ್ಧ ಸಮೀಕರಣ ಇವನ್ನೆಲ್ಲ ಲೆಕ್ಕದಿಂದ ಬಿಡಬೇಕೆಂದು ಯುಜಿಸಿ ನಿಯಮವೂ ಹೇಳಿದೆ. ಆದ್ದರಿಂದ ಶೇ 18 ಎಂದು ಬಂದ ಕೂಡಲೇ ಗಾಬರಿಯಾಗಬೇಡಿ. ಇವನ್ನು ಬಿಟ್ಟು ಲೆಕ್ಕ ಹಾಕಿದ್ದಾರೆಯೇ ಎಂದು ಗ್ರಂಥಾಲಯದಲ್ಲಿ ಮೊದಲು ಕೇಳಿ.

ಇದಕ್ಕೆ ತದ್ವಿರುದ್ಧವಾದ ತಮಾಷೆಯೊಂದು ಕನ್ನಡ ಪ್ರಬಂಧಗಳಲ್ಲಿದೆ. ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪುಟ ನಮ್ಮ ಕಣ್ಣಿಗೆ ಅಚ್ಚಗನ್ನಡ. ಕಂಪ್ಯೂಟರಿಗೆ ಮಾತ್ರ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅದನ್ನು ಯುನಿಕೋಡ್‌ನಲ್ಲಿರುವ ಕನ್ನಡ ಪುಟದ ಜೊತೆ ಹೋಲಿಸಿದರೆ, ಪೂರ್ತಿ ನಕಲಾಗಿದ್ದರೂ ಒಂದು ಪದವೂ ಹೊಂದುವುದಿಲ್ಲ. ‘ನಂದು ಜೀರೋ ಪರ್ಸೆಂಟ್’ ಎಂದು ಹಾಕಿದ ಸ್ಟೇಟಸ್‌ಗೆ ಅಭಿನಂದನೆ ಹೇಳುವ ಮೊದಲು ಫಾಂಟ್ ಯಾವುದು ಎಂದು ಕೇಳಬಹುದು.

‘ಎದೆಗಂಡಾಂತರ’ ಎಂಬ ಕಾಯಿಲೆ

ಈಗ ಶೇ 40 ಅನ್ನು ಶೇ 5ಕ್ಕೆ ಇಳಿಸುವ ಲಿಂಕ್‌ಗಳ ಕತೆ. ಇವು ವಾಕ್ಯದ ಪದಗಳನ್ನು ಸಮಾನಾರ್ಥಕ ಪದಗಳಿಂದ ಬದಲಿಸುತ್ತವೆ. ಸಂಖ್ಯೆ ಇಳಿಯುತ್ತದೆ, ಅರ್ಥವೂ ಕೆಡುತ್ತದೆ. 2021ರಲ್ಲಿ ಫ್ರಾನ್ಸಿನ ಗಿಯೋಮ್ ಕಬಾನಾಕ್ ಮತ್ತು ಸಂಗಡಿಗರು ಪ್ರಕಟಿತ ಸಂಶೋಧನಾ ಲೇಖನಗಳಲ್ಲೇ ಇಂಥ ನೂರಾರು ವಿಚಿತ್ರ ಪದಗುಚ್ಛಗಳನ್ನು ಹುಡುಕಿ ತೆಗೆದರು. ‘ಆರ್ಟಿಫಿಷಿಯಲ್ ಇಂಟೆಲಿಜೆನ್ಸ್’ ಅಲ್ಲಿ ‘ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್’ ಆಗಿತ್ತು, ಅಂದರೆ ಖೋಟಾ ಪ್ರಜ್ಞೆ. ‘ಬ್ರೆಸ್ಟ್ ಕ್ಯಾನ್ಸರ್’ ಎಂಬುದು ‘ಬೋಸಮ್ ಪೆರಿಲ್’ ಆಗಿತ್ತು. ಕನ್ನಡದಲ್ಲಿ ಎದೆಗಂಡಾಂತರ ಎನ್ನಬಹುದೇನೋ! ಹಿಂಸೆಗೆ ಒಳಗಾದ ಪದಗಳು ಎಂಬರ್ಥದ ಹೆಸರನ್ನೇ ಅವರು ಇವಕ್ಕೆ ಇಟ್ಟರು. ಈಗ ಇಂಥ ಪದಗಳೇ ಅನುಮಾನಕ್ಕೆ ಮೊದಲ ಸುಳಿವು. ಅಂದರೆ ಬಚಾವಾಗಲು ಬಳಸಿದ ಉಪಾಯವೇ ಸಿಕ್ಕಿಬೀಳಿಸುತ್ತದೆ.

ರಿಪೋರ್ಟ್‌ನಲ್ಲಿ ಬಣ್ಣ ಹಚ್ಚಿದ ಸಾಲುಗಳನ್ನು ಒಂದೊಂದಾಗಿ ನೋಡಿ. ಮೂಲದ ಮಾತೇ ಬೇಕಿದ್ದರೆ ಉದ್ಧರಣ ಚಿಹ್ನೆ ಹಾಕಿ ಆಕರ ಕೊಡಿ. ಬೇಡವಾದರೆ ಮೂಲವನ್ನು ಮುಚ್ಚಿಟ್ಟು, ಪಕ್ಕದ ಗೆಳತಿಗೆ ವಿವರಿಸುವ ಹಾಗೆ ಬರೆದು, ಆಮೇಲೆ ಮೂಲ ತೆರೆದು ತಪ್ಪಿದೆಯೇ ಎಂದು ನೋಡಿ. ಸ್ವಂತ ಮಾತಿನಲ್ಲಿ ಬರೆದರೂ ವಿಚಾರ ಅವರದ್ದೇ, ಹಾಗಾಗಿ ಆಕರ ಕೊಡಲೇಬೇಕು.

ಎಐ ಪತ್ತೆ ಮಾಡುವ ಸಾಧನಗಳ ಬಗ್ಗೆ ಒಂದೇ ಮಾತು. ಓಪನ್‌ಎಐ ತಾನೇ ತಂದ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಇಂಥ 7 ಸಾಧನಗಳಿಗೆ ಕೊಟ್ಟು ನೋಡಿದರು. ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಅವು ಯಂತ್ರ ಬರೆದದ್ದೆಂದು ತಪ್ಪಾಗಿ ಹೇಳಿದವು. ನಿಮ್ಮ ಕರಡುಗಳು, ಟಿಪ್ಪಣಿ ಪುಸ್ತಕ, ಫೈಲಿನ ಹಳೆಯ ಆವೃತ್ತಿಗಳನ್ನು ಅಳಿಸಬೇಡಿ. ಪ್ರಶ್ನೆ ಬಂದಾಗ ಕೈಗೆ ಬರುವುದು ಅವೇ.

ಕೊನೆಯ ವಾರ ಎಲ್ಲಿ ಹೋಗಬೇಕು?

ಯಾವ ಸಾಫ್ಟ್‌ವೇರೂ ನೋಡದ ಜಾಗಕ್ಕೆ. ಇಬ್ಬರು ಪ್ರಸಿದ್ಧ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಒಂದು ಲೇಖನ ಪ್ರಕಟಿಸಿದರು. ದೇಶದ ಸಾಲ ಜಿಡಿಪಿಯ ಶೇ 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಎಂಬುದು ಅದರ ತಿರುಳು. ಸರ್ಕಾರಿ ಖರ್ಚು ಕಡಿತಗೊಳಿಸಬೇಕೆಂದವರು ಅದನ್ನು ಮತ್ತೆ ಮತ್ತೆ ಉಲ್ಲೇಖಿಸಿದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆ್ಯಮ್‌ಹರ್ಸ್ಟ್ ಕ್ಯಾಂಪಸ್‌ನಲ್ಲಿ ಓದುತ್ತಿದ್ದ ಥಾಮಸ್ ಹರ್ನ್‌ಡನ್‌ಗೆ, ಪ್ರಕಟಿತ ಲೇಖನವೊಂದರ ಲೆಕ್ಕವನ್ನು ಮತ್ತೆ ಮಾಡಿ ನೋಡುವ ತರಗತಿ ಅಸೈನ್‌ಮೆಂಟ್ ಸಿಕ್ಕಿತ್ತು. ಆತ ಆರಿಸಿಕೊಂಡದ್ದು ಇದೇ ಲೇಖನವನ್ನು. ಲೆಕ್ಕ ಕೂಡಿಬರಲಿಲ್ಲ. ಲೇಖಕರಿಂದಲೇ ಎಕ್ಸೆಲ್ ಫೈಲ್ ಕೇಳಿ ಪಡೆದು ನೋಡಿದರೆ, ಸರಾಸರಿಯ ಸೂತ್ರ 20 ದೇಶಗಳ ಬದಲು 15ನ್ನೇ ಆಯ್ದುಕೊಂಡಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಬಿಟ್ಟುಹೋಗಿದ್ದವು. ಕೆಲವು ವರ್ಷಗಳ ಅಂಕಿಅಂಶ ಬಿಟ್ಟದ್ದು, ದೇಶಗಳಿಗೆ ತೂಕ ಕೊಟ್ಟ ರೀತಿ ಇವೂ ಸೇರಿ ವ್ಯತ್ಯಾಸ ದೊಡ್ಡದಾಗಿತ್ತು. ಲೇಖನದಲ್ಲಿ ಮೈನಸ್ ಶೇ 0.1 ಎಂದಿದ್ದ ಬೆಳವಣಿಗೆ ಹರ್ನ್‌ಡನ್ ಮತ್ತು ಅವರ ಪ್ರಾಧ್ಯಾಪಕರು 2013ರಲ್ಲಿ ಮಾಡಿದ ಲೆಕ್ಕದಲ್ಲಿ ಶೇ 2.2 ಆಯಿತು. ಎಕ್ಸೆಲ್ ತಪ್ಪನ್ನು ಮೂಲ ಲೇಖಕರು ಒಪ್ಪಿಕೊಂಡರು, ಉಳಿದ ಆಕ್ಷೇಪಗಳಿಗೆ ತಕರಾರು ಹೇಳಿದರು.

ಸಿಮಿಲಾರಿಟಿ ಪರೀಕ್ಷೆಗೆ ಇಂಥ ತಪ್ಪು ಕಾಣಿಸುವುದೇ ಇಲ್ಲ. ನಿಮ್ಮ ಫೈಲನ್ನೂ ಹೀಗೆ ನೋಡಿ. ಮೂರನೇ ಅಧ್ಯಾಯದಲ್ಲಿ 120 ಜನರ ಸಮೀಕ್ಷೆ ಎಂದಿದ್ದು ಐದನೇ ಅಧ್ಯಾಯದ ಕೋಷ್ಟಕದಲ್ಲಿ ಒಟ್ಟು 118 ಇದ್ದರೆ, ಆ ಇಬ್ಬರು ಎಲ್ಲಿ ಹೋದರು? ಉತ್ತರಿಸದೆ ಬಿಟ್ಟಿದ್ದರೆ ಹಾಗೆಂದೇ ಬರೆಯಿರಿ. 12 ಜನರಲ್ಲಿ 8 ಮಂದಿಯನ್ನು ‘ಶೇ 66.67’ ಎಂದು ಬರೆದರೆ ನನಗೆ ನಗು ಬರುತ್ತದೆ, 8 ಎಂದರೆ ಸಾಕು. ಒಂದೇ ಕಾಲೇಜಿನ 60 ಮಕ್ಕಳನ್ನು ಕೇಳಿ ಉಪಸಂಹಾರದಲ್ಲಿ ‘ಕರ್ನಾಟಕದ ಯುವಜನರು’ ಎಂದು ಬರೆಯುವುದು ನಮ್ಮ ಸಂವಹನ ವಿಭಾಗಗಳ ಹಳೇ ಚಾಳಿ. ಸಾಮಾನ್ಯವಾಗಿ ಪರೀಕ್ಷಕರು ವೈವಾದಲ್ಲಿ ಮೊದಲು ಹಿಡಿಯುವುದು ಅದನ್ನೇ.

ಕೊನೆಯದಾಗಿ ಆಕರಪಟ್ಟಿ. ಚಾಟ್‌ಜಿಪಿಟಿ ಕೊಟ್ಟ ಪಟ್ಟಿಯಲ್ಲಿ ಇಲ್ಲದ ಲೇಖನಗಳೂ ಇರುತ್ತವೆ. ನ್ಯೂಯಾರ್ಕ್‌ನಲ್ಲಿ ಅಂಥ ಕಲ್ಪಿತ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿದ ವಕೀಲರಿಗೆ 2023ರಲ್ಲಿ 5,000 ಡಾಲರ್ ದಂಡ ಬಿತ್ತು. ಪ್ರತಿ ಆಕರದ ಶೀರ್ಷಿಕೆಯನ್ನೂ ಹುಡುಕಿ, ಡಿಒಐ ಸಂಖ್ಯೆ ಇದ್ದರೆ ಅದು ಅದೇ ಲೇಖನಕ್ಕೆ ಹೋಗುತ್ತದೆಯೇ ನೋಡಿ, ಪುಟದ ಮೇಲೆ ‘ರಿಟ್ರ್ಯಾಕ್ಟೆಡ್’ ಎಂದು ಬರೆದಿದೆಯೇ ಗಮನಿಸಿ. ಎಂಎಂಆರ್ ಲಸಿಕೆಯನ್ನು ಆಟಿಸಂಗೆ ಗಂಟು ಹಾಕಿದ 1998ರ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲೇ ಹಿಂಪಡೆದಿದೆ. ಅದನ್ನು ಈಗಲೂ ಪುರಾವೆಯೆಂದು ಫಾರ್ವರ್ಡ್ ಮಾಡುವವರಿದ್ದಾರೆ. 80 ಆಕರಗಳಿದ್ದರೆ ಈ ಕೆಲಸಕ್ಕೆ ಒಂದು ಇಡೀ ದಿನ ಬೇಕು, ಅದನ್ನು ಬೈಂಡಿಂಗ್‌ಗೆ ಕೊಡುವ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ.